ಗುಂಡಿ ಮೇಷ್ಟ್ರು

ಗೋಡೆಯ ಪರದೆಯ ಮೇಲೆ ಪಾಠ ಹೇಳುತ್ತಿದ್ದ ಹೆಂಗಸಿನ ಬಾಯಿ ತೆರೆದಂತೆಯೇ ನಿಂತುಬಿಟ್ಟಿತು. ಮೊದಲ ಬೆಂಚಿನ ಹುಡುಗಿ ಎದ್ದುಬಂದು ರಿಮೋಟ್ ಒತ್ತಿದ್ದಳು. ಮೊಬೈಲಿನಲ್ಲಿ ಮುಳುಗಿದ್ದ ಗಣಿತದ ಮೇಷ್ಟ್ರು ತಲೆಯೆತ್ತಿದರು. ಪರದೆ ಬಂದ ದಿನವೇ ಪಾಠಕ್ಕೆ ಎಳ್ಳುನೀರು ಬಿಟ್ಟು, ಗುಂಡಿ ಒತ್ತುವುದಷ್ಟೇ ತಮ್ಮ ಕೆಲಸವೆಂದು ಕೂತಿದ್ದ ಅವರನ್ನು ಮಕ್ಕಳು ಬೆನ್ನ ಹಿಂದೆ ಗುಂಡಿ ಮೇಷ್ಟ್ರು ಎನ್ನುತ್ತಿದ್ದರು.

“ಯಾರೇ ನಿನಗೆ ನಿಲ್ಲಿಸು ಅಂದಿದ್ದು?”

“ಅರ್ಥ ಆಗ್ಲಿಲ್ಲ ಸರ್. ನಾಳೆ ಪರೀಕ್ಷೆ. ಈ ಸಲಾನೂ ಫೇಲಾದ್ರೆ ಮತ್ತೆ ಇದೇ ಕ್ಲಾಸಲ್ಲಿ ಕೂರ್ಬೇಕು. ಆ ಲೆಕ್ಕದ ಮೂರನೇ ಸಾಲು ಹೇಗೆ ಬಂತು, ನೀವೇ ಹೇಳಿ.”

“ತಲೇಲಿ ಮಣ್ಣು ತುಂಬಿದ್ರೆ ಯಂತ್ರ ತಾನೇ ಏನು ಮಾಡುತ್ತೆ!” ಎಂದು ನಕ್ಕು, ಮೇಷ್ಟ್ರು ಗತ್ತಿನಿಂದ ಕರಿಹಲಗೆಯ ಬಳಿ ಹೋಗಿ, ಪರದೆಯಲ್ಲಿದ್ದ ಮೂರು ಸಾಲನ್ನೂ ಹಾಗೇ ನಕಲು ಮಾಡಿದರು. “ಅದು ಅಲ್ಲೂ ಇದೆ ಸರ್. ಹೇಗೆ ಬಂತು?” ಮೇಷ್ಟ್ರು ಹಲಗೆ ನೋಡಿದರು, ಪರದೆ ನೋಡಿದರು. “ಅದು... ಹಾಗೇ ಬರುತ್ತೆ” ಎಂದರು.

ಹುಡುಗಿ ಅವರ ದಾರಿ ಕಾಯಲಿಲ್ಲ. ಪಾಠವನ್ನು ಅರ್ಧ ನಿಮಿಷ ಹಿಂದಕ್ಕೋಡಿಸಿ ಕೇಳಿದಳು. ಮತ್ತೆ ಓಡಿಸಿ, ನಡುವೆ ನಿಲ್ಲಿಸಿ, ತುಟಿಯಲ್ಲೇ ಗುಣಿಸಿದಳು. ಮೂರನೆಯ ಸಲಕ್ಕೆ ಅವಳ ಮುಖ ಅರಳಿತು. ಮೇಷ್ಟ್ರ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, “ನೋಡ್ರೇ, ಸಮೀಕರಣದ ಎರಡೂ ಕಡೆ ಆರರಿಂದ ಗುಣಿಸಿದಾರೆ. ಅದಕ್ಕೇ ಭಿನ್ನರಾಶಿಗಳ ಕೆಳಗಿದ್ದ ಎರಡು, ಮೂರು ಹೋಗಿಬಿಟ್ಟಿದೆ” ಎಂದು ಬಿಡಿಸಿ ಹೇಳಿದಳು. ಹಿಂದಿನ ಬೆಂಚಿನವರೂ ತಲೆಯಾಡಿಸಿದರು. ಮೇಷ್ಟ್ರು ಮಾತ್ರ ಹಲಗೆಯತ್ತಲೇ ಕಣ್ಣು ಕಣ್ಣು ಬಿಡುತ್ತಿದ್ದರು. ಅವಳಿಗೆ ಅಯ್ಯೋ ಅನ್ನಿಸಿತು.

“ನಿಮಗೆ ಇನ್ನೊಂದ್ಸಲ ಹೇಳ್ಲಾ ಸರ್?”