ಧರ್ಮಣ್ಣನ ನೀಲಿ ಮೂಗು

ದೌಂಡದಿಂದ ಹುಡುಗನ ಕಡೆಯವರು ಬರುವ ಹೊತ್ತಾಯಿತೆಂದು ಮಾನಮ್ಮ ಗಂಡನ ಕೈಗೆ ಸುಣ್ಣದ ಬಕೆಟ್ಟು, ಬ್ರಶ್ಶು ಕೊಟ್ಟು, ಧನಕವಡಿಯ ಒಂದೇ ಕೋಣೆಯ ತಮ್ಮ ಮನೆಯ ಗೋಡೆಯ ಮುಂದೆ ನಿಲ್ಲಿಸಿದಳು.

“ಗೋಡಿ ನಿನ್ನೆನೇ ಬಳದೀನಲ್ಲ?” ಎಂದ ಧರ್ಮಣ್ಣ.

“ಇನ್ನೊಮ್ಮೆ ಬಳೀರಿ. ಯಾರರೆ ಕೇಳಿದ್ರ, ಸುಣ್ಣದಾಗ ಹಾಕೂ ನೀಲಿ ಮಾರಿಗೆ ಹತ್ತೇದ ಅನ್ರಿ. ಗುಳಿಗಿ ಸುದ್ದಿ ತಗದೀರಿ ಅಂದ್ರ ನೋಡ್ರಿ ಮತ್ತ!”

ತಲೆ ಕೆಟ್ಟು ಬೀದಿ ಬೀದಿ ಅಲೆಯುತ್ತಿದ್ದ ಧರ್ಮಣ್ಣನನ್ನು ಮನುಷ್ಯನನ್ನಾಗಿ ಮಾಡಿದ್ದು ಆಸ್ಪತ್ರೆಯ ಗುಳಿಗೆ. ಆರು ವರ್ಷ ಅದನ್ನು ತಪ್ಪದೆ ನುಂಗಿ, ಬಿಸಿಲಲ್ಲಿ ಇಟ್ಟಿಗೆ ಹೊತ್ತದ್ದಕ್ಕೆ ಮುಖ, ಕೈ ನೀಲಿ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ಬಿಸಿಲು ಬೀಳದ ಅಂಗಿಯೊಳಗೆ ಮಾತ್ರ ಹಳೆಯ ಬಣ್ಣದ ಧರ್ಮಣ್ಣನೇ ಇದ್ದ. ಗುಳಿಗೆ ಬದಲಿಸೋಣ, ಬಣ್ಣ ನಿಧಾನಕ್ಕೆ ಇಳಿದೀತು ಎಂದಿದ್ದರು ಡಾಕ್ಟರು. ಆದರೆ ಮಗಳು ಕುಸುಮಳನ್ನು ನೋಡಲು ಬರುವವರು ಅಲ್ಲಿಯವರೆಗೆ ಕಾಯುತ್ತಾರೆಯೆ? ಅಪ್ಪನಿಗೆ ಹುಚ್ಚಿನ ಔಷಧಿ ನಡೆದಿದೆ ಎಂದು ಗೊತ್ತಾದರೆ ಸಂಬಂಧ ಕೈತಪ್ಪಿದಂತೆಯೇ.

ಬಂದ ಹುಡುಗ ಕುಸುಮಳನ್ನು ನೋಡಿದ. ಅವನ ತಾಯಿ ಶಿವಗಂಗವ್ವ ಮಾತ್ರ ಧರ್ಮಣ್ಣನನ್ನೇ ನೋಡುತ್ತ ಕುಳಿತಳು. ನೋಡುವಂತೆಯೇ ಇತ್ತು. ಗೋಡೆಯ ಜೊತೆಗೆ ಆತ ಟ್ರಾನ್ಸಿಸ್ಟರಿಗೂ ಕ್ಯಾಲೆಂಡರಿಗೂ ಸುಣ್ಣ ಬಳಿದಿದ್ದ.

“ಅಣ್ಣಾರದು ಸುಣ್ಣ ಬಳಿಯೂ ಕೆಲಸ ಏನ್ರಿ?”

“ಹೌದ್ರಿ, ಹುಟ್ಟಿದಾಗಿಂದ. ಅದಕ್ಕ ಮಾರಿ ನೀಲಿ ಆಗೇದ,” ಎಂದು ಮಾನಮ್ಮ ಕೇಳದಿದ್ದಕ್ಕೂ ಉತ್ತರ ಕೊಟ್ಟಳು.

ಶಿವಗಂಗವ್ವ ಎದ್ದು ಬಕೆಟ್ಟಿಗೆ ಇಣುಕಿದಳು. ಒಳಗಿದ್ದದ್ದು ಅಚ್ಚ ಬಿಳಿ ಸುಣ್ಣ! ಗಡಿಬಿಡಿಯಲ್ಲಿ ಮಾನಮ್ಮ ನೀಲಿ ಹಾಕುವುದನ್ನೇ ಮರೆತಿದ್ದಳು. ಶಿವಗಂಗವ್ವ ಸೆರಗಿನ ತುದಿಯನ್ನು ನೀರಿಗೆ ಅದ್ದಿ, ಪರಗಂಡಸು ಎಂಬುದನ್ನೂ ನೋಡದೆ, ಧರ್ಮಣ್ಣನ ಮೂಗನ್ನು ಗಸಗಸ ತಿಕ್ಕಿದಳು. ಸೆರಗಿಗೆ ಏನೂ ಹತ್ತಲಿಲ್ಲ.

ಎಲ್ಲ ಮುಗಿಯಿತೆಂದು ಮಾನಮ್ಮ ಗೋಡೆಗೆ ಒರಗಿದಳು. ಹಸಿ ಸುಣ್ಣ ಬೆನ್ನಿಗೆಲ್ಲ ಮೆತ್ತಿಕೊಂಡಿತು.

ಶಿವಗಂಗವ್ವ ಹತ್ತಿರ ಬಂದು ದನಿ ಇಳಿಸಿದಳು. “ದಿನಕ್ಕ ಎಷ್ಟು ಗುಳಿಗಿ ತಂಗಿ?”

“ಮೂ... ಮೂರ್ರಿ ಅಕ್ಕಾರ.”

“ನಮ್ಮನಿಯವರಿಗೆ ನಾಕು. ನೀವು ದೌಂಡಕ್ಕ ಬಂದಾಗ, ಅವರ ಮಾರಿಗೆ ಹತ್ತಿದ್ದು ರೈಲು ಇಂಜಿನ್ನಿನ ಮಸಿ ಅಂತ ಹೇಳಬೇಕಂತ ಮಾಡಿದ್ದೆ ನೋಡು.”