ಬೋನಿಗೆ ಕಟ್ಟಿದ ವಧು

"ಚಾರುಮತಿ ಅವರ ತಾಯೀನಾ ಆಂಟಿ, ಮಾತಾಡ್ತಿರೋದು?"

ಕಾತ್ಯಾಯಿನಮ್ಮನ ಎರಡು ಕೈಯೂ ಅವರೆಕಾಳು ಹಿತುಕುವುದರಲ್ಲಿದ್ದವು, ಫೋನು ಸ್ಪೀಕರಿನಲ್ಲಿತ್ತು. "ಯಾವ ಚಾರು..." ಎನ್ನುವಷ್ಟರಲ್ಲಿ ಎದುರಿಗೆ ಜಪಕ್ಕೆ ಕೂತಿದ್ದ ಗಂಡ ರಾಮಪ್ರಸಾದರು ಮಾಲೆ ಕೆಳಗಿಟ್ಟು, ಹೌದೆನ್ನು ಎಂಬಂತೆ ತಲೆಯಾಡಿಸುತ್ತ ಎರಡೂ ಕೈ ಮುಗಿದರು. ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಅವರು ಹೆಂಡತಿಗೆ ಕೈಮುಗಿದದ್ದು ಅದೇ ಮೊದಲು. ಆಕೆ ಕರಗಿ, "ಹೂಂ ಕಣಪ್ಪ" ಎಂದರು.

"ನಾನು ದಿನೇಶ್, ಚಿಕ್ಕಲಸಂದ್ರದ ವಧು-ವರರ ಕೇಂದ್ರದಿಂದ. ಸಖತ್ ಗಂಡು ಬಂದಿದೆ ಆಂಟಿ. ನಿಮ್ಮ ಹುಡುಗೀಗೂ ಅವನಿಗೂ ಮೂವತ್ತಾರಕ್ಕೆ ಮೂವತ್ತೊಂದು ಗುಣ ಕೂಡುತ್ತೆ!"

ರಾಮಪ್ರಸಾದರ ಎದೆ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗಿತು. ಚಾರುಮತಿ ಎಂಬವಳು ಭೂಮಿಯ ಮೇಲೆ ಹುಟ್ಟಿದವಳೇ ಅಲ್ಲ. ಅವಳಿದ್ದದ್ದು ಅವರ ತ್ಯಾಗರಾಜನಗರದ ಮನೆಯ ಮುಂಗೋಣೆಯಲ್ಲಿ, ಕಂಪ್ಯೂಟರಿನೊಳಗೆ. ಅದರಲ್ಲಿ, ಸಂಬಂಧ ಕುದುರಿಸಿಕೊಡಿ ಎಂದು ಅವರ ಬಳಿ ಬಂದ ಎಂಟುನೂರು ಮನೆಗಳ ಗಂಡು ಹೆಣ್ಣುಗಳು. ಒಬ್ಬೊಬ್ಬರ ಹೆಸರಿನ ಕೊನೆಗೂ ಒಂದು ಷರಾ. ಯಾರ ತಲೆಯ ಮೇಲಿರುವುದು ವಿಗ್ಗು, ಯಾರ ಸಂಬಂಧ ಛತ್ರದ ಬಾಗಿಲವರೆಗೂ ಬಂದು ಮುರಿಯಿತು, ಯಾವ ಅತ್ತೆಯ ಬಾಯಿಗೆ ಅಗುಳಿಯಿಲ್ಲ, ಎಲ್ಲವೂ. ದೇವರ ಮುಂದೆ ಹೇಳಿಕೊಳ್ಳುವಂತೆ ಜನ ಹೇಳಿಹೋದ ಮಾತುಗಳು. ಅವು ಬೀದಿಗೆ ಬಿದ್ದರೆ ರಾಮಪ್ರಸಾದರು ಇನ್ನು ಯಾರ ಹೊಸ್ತಿಲನ್ನೂ ತುಳಿಯುವಂತಿರಲಿಲ್ಲ.

ಕಾವಲೇನೂ ಕಡಿಮೆಯಿರಲಿಲ್ಲ. ಮಗಳು ಸುರಭಿ ಪಾಸ್‌ವರ್ಡ್ ಹಾಕಿಕೊಟ್ಟಿದ್ದಳು. ಆದರೆ ಒಂದೊಂದಕ್ಷರವನ್ನೂ ಮಂತ್ರದಂತೆ ಗಟ್ಟಿಯಾಗಿ ಉಚ್ಚರಿಸದೆ ಅಪ್ಪನ ಬೆರಳು ಓಡದು. ಬೆಂಚಿನ ಮೇಲೆ ಕಾಯುತ್ತ ಕೂತವರಿಗೆಲ್ಲ ಅದು ಬಾಯಿಪಾಠ. ಪೆನ್‌ಡ್ರೈವ್ ಚುಚ್ಚುವ ಕಿಂಡಿಗೆ ಅವರೇ ಆಂಜನೇಯನ ಸ್ಟಿಕ್ಕರ್ ಅಂಟಿಸಿದ್ದರು. ಕೊನೆಗೆ ಸೋತ ಸುರಭಿ, "ಒಂದು ಸುಳ್ಳು ಹುಡುಗೀನ ಸೇರಿಸಿ, ಅಮ್ಮನ ನಂಬರ್ ಹಾಕಿಡಿ ಅಪ್ಪ. ಯಾರು ಕದ್ರೂ ಫೋನು ನಮ್ಮನೆಗೇ ಬರುತ್ತೆ" ಎಂದಿದ್ದಳು. ಚಿರತೆಯ ಬೋನಿಗೆ ಮೇಕೆ ಕಟ್ಟುವ ಉಪಾಯ. ಆದರೆ ಇಲ್ಲದ ಜನ್ಮಗಳಿಗೆಯನ್ನು ಕಲ್ಪಿಸಿ ಒಂದು ಜೀವವನ್ನು ಹುಟ್ಟಿಸಲು ರಾಮಪ್ರಸಾದರಿಗೆ ಕೈ ಬರಲಿಲ್ಲ. ಅದು ಬ್ರಹ್ಮನ ಕೆಲಸ. ಕೈಗೆ ಸಿಕ್ಕ ಒಂದು ನಿಜ ಜಾತಕವನ್ನೇ ಇಳಿಸಿ, ಹೆಸರು ಮತ್ತು ವರ್ಷ ಮಾತ್ರ ಬದಲಿಸಿದ್ದರು.

ಪತ್ತೆ ಪೂರ್ತಿಯಾಗಲೆಂದು ಅವರು 'ಓದಿಸು, ಓದಿಸು' ಎಂದು ಸನ್ನೆ ಮಾಡಿದರು.

"ನಮ್ಮ ವಿವರ ಸರಿಯಾಗಿದ್ಯಾ, ಸ್ವಲ್ಪ ಓದಪ್ಪ" ಎಂದರು ಕಾತ್ಯಾಯಿನಮ್ಮ.

"ನೀವೇ ಬಂದು ಬರೆಸಿದ್ರಲ್ಲ ಆಂಟಿ, ತಪ್ಪೆಲ್ಲಿರುತ್ತೆ? ಶ್ರೀವತ್ಸ ಗೋತ್ರ, ಮಖಾ ನಕ್ಷತ್ರ, ಎರಡನೇ ಪಾದ. ಷರಾ: ಮುಂಗೋಪ ಉಂಟು, ಮನಸ್ಸು ಬೆಣ್ಣೆ. ಉಪ್ಪಿನಕಾಯಿ ವಿಷಯದಲ್ಲಿ ಎದುರು ಮಾತಾಡುವಂತಿಲ್ಲ."

ಅವರೆಕಾಳು ಹಿತುಕುತ್ತಿದ್ದ ಬೆರಳು ನಿಂತಿತು.

ರಾಮಪ್ರಸಾದರು ಅದನ್ನು ಗಮನಿಸಲಿಲ್ಲ. ಆ ದನಿಯ ಗುರುತು ಅವರಿಗೆ ಸಿಕ್ಕಿತ್ತು. ಫೋನಿನ ಕಡೆ ಬಾಗಿ, ಶಾಂತವಾಗಿ, "ದಿನೇಶ, ಹೋದ ತಿಂಗಳು ಕಂಪ್ಯೂಟರ್ ರಿಪೇರಿಗೆ ಬಂದೋನು ನೀನೇ ಅಲ್ವೇನಪ್ಪ? ಆಂಜನೇಯನ್ನ ಏನು ಮಾಡ್ದೆ?" ಎಂದರು.



"ಕೈಮುಗಿದೇ ಕಿತ್ತಿದ್ದು ಸಾರ್. ಆಮೇಲೆ ಹಂಗೇ ಅಂಟಿಸಿಬಿಟ್ಟೆ."

"ಸಾಯಂಕಾಲ ದೀಪ ಹಚ್ಚೋ ಹೊತ್ತಿಗೆ ನಿನ್ನ ಕಂಪ್ಯೂಟರ್ ಹೊತ್ಕೊಂಡು ಇಲ್ಲಿಗೆ ಬಾ. ದೇವರ ಮುಂದೆ ಕೂತು ಅಷ್ಟೂ ಅಳಿಸ್ಬೇಕು. ಇಲ್ದಿದ್ರೆ ಪೊಲೀಸರ ಹತ್ರ ಅಲ್ಲ, ಆ ಷರಾದಲ್ಲಿರೋ ಅತ್ತೆಯರ ಹತ್ರ ಕರ್ಕೊಂಡು ಹೋಗ್ತೀನಿ."

"ಅಯ್ಯೋ ಬೇಡ ಸಾರ್! ಬರ್ತೀನಿ ಸಾರ್!"

ಎಂಟುನೂರು ಮನೆಗಳ ಮಾನ ಉಳಿಯಿತು. ರಾಮಪ್ರಸಾದರು ಕಣ್ಣು ಮುಚ್ಚಿ ಆಂಜನೇಯನನ್ನು ನೆನೆದು ಕಣ್ಣು ತೆರೆದರೆ, ಎದುರಿಗೆ ಕಾತ್ಯಾಯಿನಮ್ಮ.

"ಮಖಾ ಎರಡನೇ ಪಾದ" ಎಂದರು ಆಕೆ. "ಉಪ್ಪಿನಕಾಯಿ."

"ಸುಳ್ಳು ಬರೀಬಾರ್ದಲ್ಲ ಕಾತ್ಯಾಯಿನಿ, ಅದಕ್ಕೇ ಮನೇಲಿದ್ದ ನಿನ್ನ ಜಾತಕಾನೇ..."

"ಅದಿರಲಿ. ಸುಳ್ಳು ಹೇಳೋರಲ್ವಲ್ಲ ನೀವು, ಹೇಳಿ. ನಮ್ಮಿಬ್ಬರದು ಎಷ್ಟು ಗುಣ ಕೂಡಿತ್ತು?"

ಹದಿನೆಂಟು ಗುಣವಾದರೂ ಕೂಡದೆ ಮದುವೆ ಮಾಡಬಾರದೆಂದು ಊರಿಗೆಲ್ಲ ಹೇಳುವವರು ರಾಮಪ್ರಸಾದರೇ. "ಹದಿನೇಳೂವರೆ" ಎಂದರು ನೆಲ ನೋಡುತ್ತ. "ನಿಮ್ಮಪ್ಪನ ಹತ್ರ ನಮ್ಮಪ್ಪ ಹದಿನೆಂಟು ಅಂದ್ಬಿಟ್ರು."

ಫೋನು ಇನ್ನೂ ಕಟ್ಟಾಗಿರಲಿಲ್ಲ. ಕಾತ್ಯಾಯಿನಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಅದನ್ನೆತ್ತಿ ಬಾಯಿಯ ಹತ್ತಿರ ಹಿಡಿದರು.

"ದಿನೇಶ, ಎಲ್ಲಾ ಅಳಿಸ್ಬಿಡಪ್ಪ. ಆ ಮೂವತ್ತೊಂದು ಗುಣದ ಗಂಡಿನ ವಿಳಾಸ ಒಂದು ಮಾತ್ರ ಇರಲಿ."