ಹಿಂದೆ ಕೂತವನು

ಹಾಡಿನ ನಡುವೆ ದನಿ ತೆಗೆದವನು ಗೂಡುಸಾಬ ಎಂದು ಆ ಕೋಣೆಯಲ್ಲಿದ್ದ ಯಾರಿಗೂ ತಕ್ಷಣ ನಂಬಲಾಗಲಿಲ್ಲ. ಅಲ್ಲಿ ಸಪ್ಪಳವಾಗದಂತೆ ನೋಡಿಕೊಳ್ಳುವುದೇ ಅವನ ಕೆಲಸವಾಗಿತ್ತು. ಗೇಟಿನ ಮುಂದೆ ಹಾರ್ನ್ ಹೊಡೆಯುವ ಮೀನಿನವನನ್ನು ಮುಂದಕ್ಕೆ ಕಳಿಸಬೇಕು, ಅಂಗಳದ ನಾಯಿ ಅಟ್ಟಬೇಕು, ಫ್ಯಾನು ಆರಿಸಬೇಕು. ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತೆಂದರೆ ಬಾಗಿಲು ಹಾಕಿಕೊಂಡು ಮೂಲೆಯ ಸ್ಟೂಲಿನ ಮೇಲೆ ಕಲ್ಲಿನಂತೆ ಕೂರಬೇಕು. ಪಕ್ಕದ ಊರು ಚಿಂಬಲ್‌ನಿಂದ ಆರು ವರ್ಷ ದಿನಾ ನಡೆದು ಬಂದು ಆ ಕೆಲಸ ಮಾಡಿದ್ದ. ಒಳಗೆ ಒಮ್ಮೆಯೂ ಕೆಮ್ಮಿದವನಲ್ಲ.

ಸ್ಟುಡಿಯೋದ ಮಾಲೀಕ ಅಗ್ನೆಲ್ ಹೆಡ್‌ಫೋನ್ ತೆಗೆದಿಟ್ಟು ಒಳಗೆ ಬಂದ. ಬೈಯಲಿಲ್ಲ. ಬೈದಿದ್ದರೆ ಗೂಡುಸಾಬನಿಗೆ ಹಗುರಾಗುತ್ತಿತ್ತೇನೋ. ಮೂರು ದಿನದಲ್ಲಿ ಇದೊಂದೇ ಸಲ ಆ ಸಾಲು ಕೊನೆಯ ಹತ್ತಿರ ಬಂದಿತ್ತು, ಇನ್ನೆರಡು ಕ್ಷಣ ಬಿಟ್ಟಿದ್ದರೆ ಅವರೇ ದಾಟುತ್ತಿದ್ದರೋ ಏನೋ, ಸಂಜೆ ಅವರ ವಿಮಾನ ಎಂದಷ್ಟೇ ಹೇಳಿದ.

ಅವರು ಎಂದರೆ ಜಂದೀರಾ, ಬ್ರೆಜಿಲ್‌ನ ಜಾಝ್ ಗಾಯಕಿ. ವಯಸ್ಸು ಎಪ್ಪತ್ತಾರು. ಅಗ್ನೆಲ್‌ನ ತಂದೆ ಪೋರ್ಚುಗೀಸ್ ಬಲ್ಲವರು. ಆಕೆಯ ರೆಕಾರ್ಡುಗಳನ್ನು ಕೇಳಿಸಿಯೇ ಮಗನಿಗೆ ಆ ಭಾಷೆ ಕಲಿಸಿದ್ದರು. ಇಪ್ಪತ್ತು ವರ್ಷದಿಂದ ಆಕೆಯನ್ನು ಯಾರೂ ಹಾಡಿಸಿಲ್ಲವೆಂದು ತಿಳಿದು ಅಗ್ನೆಲ್ ಪತ್ರ ಬರೆದ. ಗೋವಾದ ರಾಯಬಂದರದಲ್ಲಿ ಸ್ಟುಡಿಯೋ ಆಗಿದ್ದ ಈ ಹಳೆಯ ಮನೆಗೆ ಆಕೆ ಬಂದೇಬಿಟ್ಟರು. ಒಂಬತ್ತು ಹಾಡು ಮುಗಿದವು. ಹತ್ತನೆಯದರಲ್ಲಿ ಒಂದು ಉದ್ದನೆಯ ಸಾಲು. ಅಲ್ಲಿಯವರೆಗೆ ಪ್ರತಿ ಸಲವೂ ಮುಕ್ಕಾಲು ದಾರಿಯಲ್ಲಿ ಉಸಿರು ಮುಗಿದುಹೋಗುತ್ತಿತ್ತು. ಆ ಸಾಲೊಂದನ್ನು ಹಳೆಯ ರೆಕಾರ್ಡಿನಿಂದ ತೆಗೆದು ಅಂಟಿಸಿದರೆ ಯಾರಿಗೂ ತಿಳಿಯದು ಎಂದು ಅಗ್ನೆಲ್ ಹಿಂದಿನ ದಿನ ಅಂಜುತ್ತಲೇ ಹೇಳಿದ್ದ. ಈ ಮುದುಕಿಯ ಹಾಡಿಗೆ ಆ ರೆಕಾರ್ಡಿನ ಹುಡುಗಿಯನ್ನು ಕರೆಯಬೇಡ ಎಂದಿದ್ದರು ಆಕೆ. ಇದು ಬಾರದಿದ್ದರೆ ಆಲ್ಬಮ್ಮೇ ಬೇಡ, ಮನೆಗೆ ಹೋಗಿ ಸುಮ್ಮನಿರುತ್ತೇನೆ ಎಂದೂ ಹೇಳಿದ್ದರು.

"ತಪ್ಪಾತ್ರಿ ಸಾಹೇಬ್ರ," ಎಂದ ಗೂಡುಸಾಬ. "ಬಾಯಿ ತಾನ ತೆರೀತು. ನಾಳಿಂದ ನಾ ಬರೂದಿಲ್ರಿ."

ಜಂದೀರಾ ಕೈ ಎತ್ತಿ ಅವನನ್ನು ತಡೆದರು. ಅವರು ಕೇಳಿದ್ದನ್ನು ಅಗ್ನೆಲ್ ತಿರುಗಿಸಿ ಹೇಳಿದ. ಭಾಷೆ ತಿಳಿಯದ ಹಾಡನ್ನು ಇವನು ಸರಿಯಾಗಿ ಉಸಿರು ಮುಗಿದ ಜಾಗದಿಂದಲೇ, ಅದೇ ಶ್ರುತಿಯಲ್ಲಿ ಹೇಗೆ ಹಿಡಿದ?

ಗೂಡುಸಾಬ ಹೆಗಲ ಟವೆಲ್ ಕೈಗೆ ತೆಗೆದುಕೊಂಡ. ಸಿಂದಗಿ ಕಡೆಯ ತಮ್ಮೂರಲ್ಲಿ ಮೊಹರಂ ಬಂತೆಂದರೆ ರಿವಾಯತ್ ಪದ ಹಾಡುವ ಮೇಳವಿತ್ತು, ತಾನು ಗೋವಾಕ್ಕೆ ದುಡಿಯಲು ಬರುವ ತನಕ ಅದರಲ್ಲಿ ಹಿಂದೆ ನಿಂತು ಹಾಡುತ್ತಿದ್ದೆ ಎಂದ. "ಮುಂದಿನಾಂವಗ ಉಸಿರು ಮುಗೀತಂದ್ರ ಹಿಂದಿನಾಂವ ಎತ್ತಿಕೋಬೇಕ್ರಿ. ಬಾಯಾರ ಹಾಡು ಮೂರು ದಿನದಿಂದ ಕೇಳಾಕತ್ತೇನಿ. ಧಾಟಿ ತಲ್ಯಾಗ ಕುಂತಿತ್ತು."

ಉಸಿರು ಮುಗಿದವನನ್ನು ನೋಡಿ ಜನ ನಗುತ್ತಿರಲಿಲ್ಲವೇ ಎಂದು ಕೇಳಿದರು ಜಂದೀರಾ.

"ಅಂವನ್ನ ಯಾರ ನೋಡ್ತಾರ್ರಿ? ಎತ್ತಿಕೊಳ್ಳಲಿಲ್ಲಂದ್ರ ಹಿಂದಿನಾಂವಗ ಬೈತಾರ. ನಾನೂ ಒಮ್ಮೆ ಭಾಳ ಬೈಸ್ಕೊಂಡೇನಿ. ಬೀಡಿ ಸೇದಾಕ ಹೋಗಿದ್ನಿ."

ಅಗ್ನೆಲ್ ಇದನ್ನು ಹೇಳಿ ಮುಗಿಸುವ ಮೊದಲೇ ಆಕೆ ನಕ್ಕರು. ನಗು ಕೆಮ್ಮಾಯಿತು, ನೀರು ಕುಡಿದರು. ಆಮೇಲೆ ಮೂಲೆಯ ಸ್ಟೂಲನ್ನು ತಾವೇ ಎಳೆದು ತಂದು ಮೈಕಿನ ಎದುರಿಗೆ ಹಾಕಿ, ಕೂರು ಎಂದು ಸನ್ನೆ ಮಾಡಿದರು. ಅಗ್ನೆಲ್ ಮೆಲ್ಲಗೆ ಅಡ್ಡ ಬಂದ. ಇವನು ಮತ್ತೆ ದನಿ ತೆಗೆದರೆ ಅದನ್ನು ಬೇರ್ಪಡಿಸಲಾಗದು, ಇನ್ನೊಂದು ಸಲಕ್ಕೆ ಹೊತ್ತೂ ಇಲ್ಲ. ತೆಗೆಯಲಿ ಎಂದೇ ಕೂರಿಸುತ್ತಿದ್ದೇನೆ ಎಂದರು ಆಕೆ. ಗಿಟಾರಿನವನು ಗಡಿಯಾರ ನೋಡಿಕೊಂಡು ತಂತಿ ಬಿಗಿ ಮಾಡಿದ.

ಕೆಂಪು ದೀಪ ಹತ್ತಿತು. ಯಾವಾಗಲೂ ಕಣ್ಣು ಮುಚ್ಚಿ ಹಾಡುವವರು ಈ ಸಲ ಗೂಡುಸಾಬನ ಮುಖವನ್ನೇ ನೋಡುತ್ತ ಹಾಡಿದರು. ಕೈ ಎಲ್ಲಿಡಬೇಕೋ ತಿಳಿಯದೆ ಅವನು ಮೊಣಕಾಲ ಮೇಲಿಟ್ಟುಕೊಂಡ. ಉದ್ದನೆಯ ಸಾಲು ಬಂತು, ಅರ್ಧ ದಾಟಿತು. ಆಕೆಯ ಕುತ್ತಿಗೆಯ ನರ ಎದ್ದು ಕಂಡಿತು. ಗೂಡುಸಾಬ ಎದೆ ತುಂಬ ಉಸಿರೆಳೆದು ಬಾಯಿ ತೆರೆದ. ದನಿ ತೆಳ್ಳಗಾಯಿತು, ನಡುಗಿತು, ಇನ್ನೇನು ಹರಿಯಿತು ಅನ್ನುವಷ್ಟಾಯಿತು, ಹರಿಯಲಿಲ್ಲ. ಕೊನೆಯ ಅಕ್ಷರದವರೆಗೂ ಹೋಗಿ ನಿಂತಿತು. ಗೂಡುಸಾಬ ತುಂಬಿಕೊಂಡ ಉಸಿರನ್ನು ಮೂಗಿನಿಂದ ಸಪ್ಪಳವಿಲ್ಲದೆ ಬಿಟ್ಟ. ದೀಪ ಆರಿದ ಮೇಲೆ ಅಗ್ನೆಲ್ ಅವನ ಬೆನ್ನು ತಟ್ಟಿ, ಸುಮ್ಮನಿದ್ದು ಪುಣ್ಯ ಕಟ್ಟಿಕೊಂಡೆ ಎಂದ.

ಮಳೆಗಾಲದಲ್ಲಿ, ಜಂದೀರಾ ಬ್ರೆಜಿಲ್‌ನಲ್ಲಿ ಅಚ್ಚು ಮಾಡಿಸಿದ ಸಿ.ಡಿ. ಬಂತು. ಅಗ್ನೆಲ್ ಅದರ ಒಳಗಿನ ಹಾಳೆ ಬಿಡಿಸಿ ಹೆಸರುಗಳನ್ನು ಓದಿದ. ಹತ್ತನೆಯ ಹಾಡಿಗೆ ಬಂದು ನಿಂತು, ಮತ್ತೊಮ್ಮೆ ಓದಿದ. ಗಿಟಾರ್ ಒಬ್ಬನದು. ಹಾಡಿದವರು ಇಬ್ಬರು: ಜಂದೀರಾ, ಗೂಡುಸಾಬ.

ಗೂಡುಸಾಬನ ಮುಖ ಸಣ್ಣದಾಯಿತು. "ಬರದ ತಿಳಿಸ್ರಿ ಸಾಹೇಬ್ರ. ಆ ಸಲ ನಾ ದನಿ ತೆಗೆದಿಲ್ಲ, ಖರೇ ಹೇಳತೇನಿ. ಮಂದಿಗೆ ಸುಳ್ಳ ಹೇಳಿದಂಗ ಆಗತೈತಿ."

ಅಗ್ನೆಲ್‌ಗೂ ಅದು ಅಚ್ಚಿನ ತಪ್ಪೆಂದೇ ಅನ್ನಿಸಿ ಅಂದೇ ಜಂದೀರಾ ಅವರಿಗೆ ಇ-ಮೇಲ್ ಮಾಡಿದ. ಮರುದಿನ ಎರಡೇ ಸಾಲಿನ ಉತ್ತರ ಬಂತು:

"ತಪ್ಪೇನೂ ಆಗಿಲ್ಲ. ಅವನ ಬಾಯಿ ತೆರೆದಿತ್ತು, ನಾನು ನೋಡಿದ್ದೇನೆ."